ನುಡಿ ಫೈಲುಗಳನ್ನು ಹೊಸ ಕಂಪ್ಯೂಟರಿಗೆ ತಂದಿದ್ದು

ನನ್ನದು ಪುಟ್ಟ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಜಾತ್ರೆ ಕರಪತ್ರ, ಸಂಘದ ಸ್ಮರಣ ಸಂಚಿಕೆ, ಆಗಾಗ ಒಂದು ಕವನ ಸಂಕಲನ. ಇವೆಲ್ಲ ಒಂದು ಹಳೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನಲ್ಲಿ, ಪುಟ ಕಟ್ಟುವ ಪೇಜ್‌ಮೇಕರ್ 7 ಮತ್ತು ವರ್ಡ್‌ನಲ್ಲಿದ್ದವು. ಅಕ್ಷರ ಎಲ್ಲಾ ನುಡಿ, ಬರಹ ಅನ್ನುವ ಕನ್ನಡ ತಂತ್ರಾಂಶಗಳ ಹಳೇ ಫಾಂಟಿನವು. ಈಗ ವಿಂಡೋಸ್ 11 ಮಷೀನ್ ತಂದಿದ್ದೇನೆ. ಫೈಲ್ ಕಾಪಿ ಮಾಡುವುದು ಸುಲಭದ ಭಾಗ. ಆ ಫೈಲು ಹೊಸ ಕಡೆ ತೆರೆದಾಗ ಕನ್ನಡವಾಗಿ ಕಾಣಬೇಕಲ್ವಾ, ನಿಜವಾದ ಕೆಲಸ ಅದು.

ಹಾಗಾಗಿ ಹಳೇ ಮಷೀನ್ ಚೆನ್ನಾಗಿ ಓಡುತ್ತಿರುವಾಗಲೇ ಅದರಲ್ಲಿ ಮಾಡಬೇಕಾದ್ದನ್ನು ಮೊದಲು ಮುಗಿಸಿದೆ. ಪೇಜ್‌ಮೇಕರ್ ಫೈಲುಗಳನ್ನು ಅದರ ನಂತರ ಬಂದ ಇನ್‌ಡಿಸೈನ್ ತೆರೆಯುತ್ತದೆ ಅನ್ನುವುದು ನಿಜ, ಆದರೆ ಅದರ ಸಿಎಸ್6 ಆವೃತ್ತಿಯವರೆಗೆ ಮಾತ್ರ. ಈಗ ಬಾಡಿಗೆಗೆ ಸಿಗುವ ಸಿಸಿ ಆವೃತ್ತಿಗಳು ತೆರೆಯುವುದಿಲ್ಲ. ಅದಕ್ಕೇ ಮುಖ್ಯವಾದ ಪ್ರತಿಯೊಂದು ಪುಸ್ತಕವನ್ನೂ ಹಳೇ ಮಷೀನಿನಲ್ಲೇ ಪಿಡಿಎಫ್ ಮಾಡಿದೆ. ಜೊತೆಗೆ ಒಳಗಿನ ಪಠ್ಯವನ್ನು ಎಕ್ಸ್‌ಪೋರ್ಟ್ ಮಾಡಿ ಬೇರೆ ಇಟ್ಟುಕೊಂಡೆ. ಪಿಡಿಎಫ್ ಇದ್ದರೆ ಪುಟ ಹೇಗಿತ್ತು ಅಂತ ಗೊತ್ತಾಗುತ್ತದೆ, ಪಠ್ಯ ಇದ್ದರೆ ಮತ್ತೆ ಪುಟ ಕಟ್ಟಬಹುದು. ಬೇಸರದ ಕೆಲಸ ನಿಜ. ಆದರೆ ಆ ಮಷೀನ್ ಒಮ್ಮೆ ಕೈಕೊಟ್ಟರೆ ಈ ಅವಕಾಶ ಮತ್ತೆ ಸಿಗುವುದಿಲ್ಲ.

ಆಮೇಲೆ ಫಾಂಟ್. ವಿಂಡೋಸ್ ಫೋಲ್ಡರಿನ ಒಳಗಿರುವ ಫಾಂಟ್ಸ್ ಫೋಲ್ಡರಿನಿಂದ ನುಡಿ, ಬರಹದ ಬಿಆರ್‌ಎಚ್, ಶ್ರೀಲಿಪಿ ಫಾಂಟುಗಳನ್ನಷ್ಟೇ ಆರಿಸಿ ಬೇರೆ ಫೋಲ್ಡರಿಗೆ ಹಾಕಿದೆ. ಫೈಲ್ ವರ್ಗಾವಣೆ ಅಂದಾಗ ಹೆಚ್ಚಿನವರಿಗೆ ಇದು ನೆನಪಾಗುವುದೇ ಇಲ್ಲ. ಮೈ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಡಿ ಡ್ರೈವ್ ತಗೊಂಡು ಬಂದುಬಿಡುತ್ತಾರೆ.

ಇನ್ನು ಸಾಗಿಸುವುದು. ಎರಡೂ ಕಂಪ್ಯೂಟರನ್ನು ನೆಟ್‌ವರ್ಕ್‌ನಲ್ಲಿ ಜೋಡಿಸಬಹುದಲ್ಲ ಅಂತ ಅನಿಸಬಹುದು. ನೆಟ್‌ವರ್ಕ್‌ನಲ್ಲಿ ಫೈಲು ಹಂಚಿಕೊಳ್ಳಲು ಎಕ್ಸ್‌ಪಿಗೆ ಗೊತ್ತಿರುವುದು ಎಸ್‌ಎಂಬಿ 1 ಅನ್ನುವ ಹಳೇ ವಿಧಾನ ಮಾತ್ರ. ವಿಂಡೋಸ್ 11ರಲ್ಲಿ ಅದು ಸಹಜವಾಗಿ ಬಂದ್ ಆಗಿರುತ್ತದೆ. 2017ರಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುತ್ತಿದ್ದ ವನ್ನಾಕ್ರೈ ಹರಡಿದ್ದು ಅದರ ತೂತಿನಿಂದಲೇ. ಅದನ್ನು ಆನ್ ಮಾಡಿಕೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಪೆನ್‌ಡ್ರೈವ್‌ನ ಫಾರ್ಮ್ಯಾಟ್ ಎಕ್ಸ್‌ಫ್ಯಾಟ್ ಆಗಿದ್ದರೆ ಎಕ್ಸ್‌ಪಿ ಸುಮ್ನೆ ಓದುವುದಿಲ್ಲ, ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ.

ಅದಕ್ಕೇ ಹಾರ್ಡ್‌ಡಿಸ್ಕನ್ನೇ ಬಿಚ್ಚಿದೆ. ಡಿಸ್ಕಿನ ಸಾಟಾ ಕಿಂಡಿಯಿಂದ ಯುಎಸ್‌ಬಿಗೆ ಹೋಗುವ ಕೇಬಲ್ ಸಿಗುತ್ತದೆ. ಡೆಸ್ಕ್‌ಟಾಪಿನ ಮೂರೂವರೆ ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕು, ಯುಎಸ್‌ಬಿ ಕೊಡುವುದು 5 ವೋಲ್ಟ್. ಆದ್ದರಿಂದ ಜೊತೆಗೆ ಅಡಾಪ್ಟರ್ ಇರುವ ಕೇಬಲನ್ನೇ ಕೇಳಿ ತಗೊಳ್ಳಿ. ಲ್ಯಾಪ್‌ಟಾಪಿನ ಎರಡೂವರೆ ಇಂಚಿನದ್ದಕ್ಕೆ ಈ ತೊಂದರೆ ಇಲ್ಲ. ಜೋಡಿಸಿದ ಮೇಲೆ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಡಿಸ್ಕಿನ ಆರೋಗ್ಯ ನೋಡಿದೆ. ಓದಲಾಗದ ಜಾಗಗಳನ್ನು ಎಣಿಸುವ ಪೆಂಡಿಂಗ್ ಸೆಕ್ಟರ್ ಸಾಲಿನಲ್ಲಿ ಸೊನ್ನೆ ಬಿಟ್ಟು ಬೇರೇನಾದರೂ ಇದ್ದರೆ ತಡ ಮಾಡದೆ ಅತಿ ಮುಖ್ಯವಾದದ್ದನ್ನು ಮೊದಲು ಎಳೆದುಕೊಳ್ಳಬೇಕು. ಹಾಡು, ಸಿನಿಮಾ ಆಮೇಲೆ.

ಹಳೇ ಯೂಸರ್ ಫೋಲ್ಡರ್ ತೆರೆಯಲು ಅನುಮತಿ ಇಲ್ಲ ಅಂತ ವಿಂಡೋಸ್ ಹೇಳಿದರೆ ಗಾಬರಿ ಬೇಡ. ಅಡ್ಮಿನ್ ಆಗಿ ಕಂಟಿನ್ಯೂ ಒತ್ತಿದರೆ ಸ್ವಲ್ಪ ಹೊತ್ತಿನಲ್ಲಿ ತೆರೆದುಕೊಳ್ಳುತ್ತದೆ. ಕಾಪಿಗೆ ನಾನು ಬಳಸಿದ್ದು ವಿಂಡೋಸ್‌ನಲ್ಲೇ ಇರುವ ರೋಬೊಕಾಪಿ ಅನ್ನುವ ಆಜ್ಞೆ. ಸುಮ್ಮನೆ ಎಳೆದು ಹಾಕಿದರೆ ಫೈಲು ಹುಟ್ಟಿದ ದಿನಾಂಕ ಇವತ್ತಿನದ್ದಾಗಿಬಿಡುತ್ತದೆ, ರೋಬೊಕಾಪಿ ಹಳೆಯದನ್ನೇ ಉಳಿಸುತ್ತದೆ. ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ ಕರೆಕ್ಷನ್’ ಅಂತ ಫೈಲುಗಳಿರುವ ನಮ್ಮಂಥವರಿಗೆ ಆ ದಿನಾಂಕ ದೊಡ್ಡ ಆಸರೆ. ನಡುವೆ ಕರೆಂಟ್ ಹೋದರೂ ಅದೇ ಆಜ್ಞೆ ಮತ್ತೆ ಕೊಟ್ಟರೆ ಬಾಕಿ ಉಳಿದದ್ದನ್ನು ಮಾತ್ರ ತರುತ್ತದೆ. ಲಾಗ್ ಬರೆಯಲು ಹೇಳಿದ್ದರಿಂದ ಯಾವ ಫೈಲು ಓದಲಾಗಲಿಲ್ಲ ಅನ್ನುವುದೂ ಗೊತ್ತಾಯಿತು.

ಈಗ ಅಕ್ಷರದ ವಿಷಯ. ಒಬ್ಬ ಅಜ್ಜಿ ಹೇಳಿ ಬರೆಸಿದ್ದ ಸೋಬಾನೆ ಪದಗಳ ಫೈಲನ್ನು ಹೊಸ ಮಷೀನಿನಲ್ಲಿ ತೆರೆದೆ. ‘ಕನ್ನಡ’ ಅಂತ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆ ಮೇಲೆ ಗೀರಿರುವ ಎ, ಪೌಂಡಿನ ಗುರುತು! ಫೈಲು ಕೆಟ್ಟಿಲ್ಲ. ಅದರೊಳಗೆ ಇರುವುದೇ ಆ ಗುರುತುಗಳು. ನುಡಿ ಫಾಂಟು ಅವುಗಳಿಗೆ ಕನ್ನಡದ ಚೂರುಗಳನ್ನು ತೊಡಿಸುತ್ತಿತ್ತು, ಅಷ್ಟೇ. ‘ಮ’ ಕೂಡ ಅಲ್ಲಿ ಒಂದೇ ಅಕ್ಷರವಲ್ಲ, ‘ವ’ದ ಚೂರಿಗೆ ಕೊಂಬು ಹಚ್ಚಿದ್ದು. ವರ್ಡ್‌ನ ಫಾಂಟ್ ಪೆಟ್ಟಿಗೆಯಲ್ಲಿ ಬೇಕಾದ ಫಾಂಟಿನ ಹೆಸರು ಹಾಗೇ ಇರುತ್ತದೆ, ಅದನ್ನು ನೋಡಿಕೊಂಡು ಇನ್‌ಸ್ಟಾಲ್ ಮಾಡಿದರಾಯಿತು. ಮಾಡಿ ಮತ್ತೆ ತೆರೆದೆ. ಅಜ್ಜಿಯ ಪದಗಳು ಹಾಗೇ ನಿಂತಿದ್ದವು.

ಇಷ್ಟಕ್ಕೇ ನಿಲ್ಲಿಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಫಾಂಟಿಲ್ಲದ ಇನ್ನೊಂದು ಮಷೀನಿಗೋ ಮೊಬೈಲಿಗೋ ಹೋದರೆ ಮತ್ತೆ ಅದೇ ಗೋಳು. ಕನ್ನಡದಲ್ಲಿ ಹುಡುಕಿದರೂ ಸಿಗುವುದಿಲ್ಲ. ಆದ್ದರಿಂದ ಉಳಿಯಬೇಕಾದ್ದನ್ನೆಲ್ಲ ಪರಿವರ್ತಕ ತಂತ್ರಾಂಶದಲ್ಲಿ ಹಾಕಿ, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಯೂನಿಕೋಡ್ ಮಾಡುತ್ತಿದ್ದೇನೆ, ಮೂಲ ಫೈಲನ್ನು ಮುಟ್ಟದೆ, ಅದರ ಪ್ರತಿಯ ಮೇಲೆ. ಪರಿವರ್ತನೆ ಆದಮೇಲೆ ಕಣ್ಣಿಟ್ಟು ಓದಲೇಬೇಕು. ಮುಖ್ಯವಾಗಿ ಅರ್ಕಾವೊತ್ತು. ನುಡಿಯಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು. ನಡುವೆ ಇಂಗ್ಲಿಷಿನಲ್ಲಿದ್ದ ಇಮೇಲ್, ವಿಳಾಸಗಳೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ, ಅವನ್ನು ಮೂಲ ನೋಡಿ ಕೈಯಿಂದ ಸರಿ ಮಾಡಬೇಕು. ದಪ್ಪಕ್ಷರ, ಕೋಷ್ಟಕ ಹೋಗಿರುತ್ತವೆ. ಲಗ್ನಪತ್ರಿಕೆಗಳಿಗೆ ಇಷ್ಟು ಶ್ರಮ ಬೇಡ, ಪಿಡಿಎಫ್ ಸಾಕು. ಹಾಡು, ಊರಿನ ಚರಿತ್ರೆ, ವಂಶಾವಳಿ, ಇವಕ್ಕೆ ಬೇಕೇ ಬೇಕು.

ಹಳೇ ಡಿಸ್ಕನ್ನು ಇನ್ನೂ ಅಳಿಸಿಲ್ಲ. ಯಾವ ಗಿರಾಕಿ ಯಾವ ಹಳೇ ಫೈಲ್ ಕೇಳಿಕೊಂಡು ಬರುತ್ತಾರೋ ಹೇಳಲಾಗದು. ಕೊನೆಗೆ ಗುಜರಿಗೆ ಕೊಡುವಾಗ ಕ್ವಿಕ್ ಫಾರ್ಮ್ಯಾಟ್ ಸಾಲದು, ಅದರಲ್ಲಿ ಫೈಲುಗಳು ಒಳಗೇ ಉಳಿದಿರುತ್ತವೆ. ಹೊಸ ಮಷೀನಿಗೇ ಜೋಡಿಸಿ, ಕ್ವಿಕ್ ಅನ್ನುವ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಬೇಕು. ವಿಸ್ಟಾದಿಂದ ಈಚೆಗಿನ ವಿಂಡೋಸ್ ಹಾಗೆ ಮಾಡಿದಾಗ ಡಿಸ್ಕಿನ ತುಂಬ ಸೊನ್ನೆ ಬರೆಯುತ್ತದೆ. ಎಕ್ಸ್‌ಪಿ ಹಾಗೆ ಬರೆಯುತ್ತಿರಲಿಲ್ಲ.