ಏಳೂಮುಕ್ಕಾಲರ ಅಮೆರಿಕ: ನಿದ್ದೆಗೆಡದೆ ಷೇರು ಕೊಂಡ ನನ್ನ ಅನುಭವ

'ಅಮೆರಿಕದ ಷೇರು ನಿನ್ನಂಥವರಿಗಲ್ಲ. ರಾತ್ರಿ ಗೂಬೆ ತರಹ ಕೂರಬೇಕು, ಬೆಳಿಗ್ಗೆ ಅಂಗಡಿಯಲ್ಲಿ ತೂಕಡಿಸಬೇಕು' ಅಂದಿದ್ದು ನನ್ನ ಭಾವ. ಅವರು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ, ಸಂಬಳದ ಜೊತೆಗೇ ಕಂಪನಿಯ ಷೇರೂ ಬರುತ್ತದೆ. ನನ್ನದು ಸಾಗರದಲ್ಲಿ ಸ್ಟೇಷನರಿ ಮತ್ತು ಝೆರಾಕ್ಸ್ ಅಂಗಡಿ. ಅವರ ಮಾತನ್ನು ಸುಳ್ಳು ಮಾಡಲು ನನಗೆ ಹೆಚ್ಚುಕಮ್ಮಿ ಮೂರು ವರ್ಷ ಹಿಡಿಯಿತು. ಅಲ್ಲಿಯವರೆಗೆ ಅವರು ಹೇಳಿದ್ದೇ ಸರಿ ಇತ್ತು, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಖಾತೆ ತೆರೆಯುವುದು, ವಿದೇಶಕ್ಕೆ ದುಡ್ಡು ಕಳಿಸಲು ಬ್ಯಾಂಕಿನ ಎ2 ಫಾರಂ, ನಾನು ಅಮೆರಿಕದವನಲ್ಲ ಅಂತ ಅಲ್ಲಿನ ತೆರಿಗೆಗಾಗಿ ಬರೆದುಕೊಡುವ ಡಬ್ಲ್ಯು-8ಬೆನ್, ಇವುಗಳ ಕಥೆ ಇಲ್ಲಿ ಬೇಡ. ನೇರವಾಗಿ ನನ್ನ ಮೊದಲ ಹೊಡೆತಕ್ಕೆ ಬರುತ್ತೇನೆ.

2020ರ ಫೆಬ್ರವರಿ ಕೊನೆಗೆ ನನ್ನ ಮೊದಲ 60 ಸಾವಿರ ರೂಪಾಯಿ ಡಾಲರ್ ಆಗಿ ಖಾತೆಗೆ ಬಂತು. ಮಾರುಕಟ್ಟೆ ರಾತ್ರಿ 8ಕ್ಕೆ ತೆರೆಯುತ್ತದೆ ಅಂತ ಬಾಯಿಪಾಠ ಮಾಡಿಕೊಂಡಿದ್ದೆ. ಅಂಗಡಿ ಮುಚ್ಚುವುದೂ 8ಕ್ಕೇ. ಎಂಥಾ ಹೊಂದಾಣಿಕೆ ಅಂತ ಖುಷಿಯಾಗಿದ್ದೆ. ಮಾರ್ಚ್ 9, ಸೋಮವಾರ. ಷಟರ್ ಎಳೆದು, ಸ್ಟೂಲ್ ಮೇಲೆ ಕೂತು ಆಪ್ ತೆರೆದರೆ ಅಲ್ಲಿ ಒಂದು ಗಂಟೆಯಿಂದ ರಣರಂಗ ನಡೆದಿತ್ತು. ಹಿಂದಿನ ದಿನ ಭಾನುವಾರ ಅಮೆರಿಕದವರು, ಪ್ರತಿ ವರ್ಷ ಬೇಸಿಗೆಗೆ ಮಾಡುವಂತೆ, ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದರು. ನಮ್ಮ 7 ಗಂಟೆಗೇ ಬಾಗಿಲು ತೆರೆದಿತ್ತು. 7 ಗಂಟೆ 4 ನಿಮಿಷಕ್ಕೆ ಅಲ್ಲಿನ 500 ದೊಡ್ಡ ಕಂಪನಿಗಳ ಎಸ್ ಅಂಡ್ ಪಿ 500 ಸೂಚ್ಯಂಕ ಶೇ 7ರಷ್ಟು ಬಿದ್ದು, ವಹಿವಾಟನ್ನೇ ಕಾಲು ಗಂಟೆ ನಿಲ್ಲಿಸಿ, ಮತ್ತೆ ಶುರು ಮಾಡಿದ್ದರು. ಇದ್ಯಾವುದೂ ತಿಳಿಯದ ನಾನು 'ಅಗ್ಗಕ್ಕೆ ಸಿಕ್ಕಿತು' ಅಂತ ಇದ್ದ ದುಡ್ಡನ್ನೆಲ್ಲ ಮಾರ್ಕೆಟ್ ಆರ್ಡರ್‌ನಲ್ಲಿ, ಅಂದರೆ ಆ ಹೊತ್ತಿಗೆ ಎಷ್ಟು ದರವಿದೆಯೋ ಅಷ್ಟಕ್ಕೆ, ಸುರಿದೆ. ಆಮೇಲೆ 12, 16, 18ನೇ ತಾರೀಖು, ಮತ್ತೆ ಮೂರು ಸಲ ವಹಿವಾಟು ನಿಂತಿತು. 18ರ ರಾತ್ರಿ ಹೆದರಿ ಎಲ್ಲ ಮಾರಿದೆ. ಸುಮಾರು 14 ಸಾವಿರ ಹೋಯಿತು. ತಳ ಮುಟ್ಟಿದ್ದು ಅದಾಗಿ ಐದು ದಿನಕ್ಕೆ, ಮಾರ್ಚ್ 23ಕ್ಕೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಸುಮ್ಮನಿರದೆ ಗೂಬೆಯಾಗಿಯೇ ನೋಡೋಣ ಅಂತ ಹೊರಟೆ. ಏಳೆಂಟು ತಿಂಗಳು ರಾತ್ರಿ ಒಂದೂವರೆವರೆಗೆ, ಚಳಿಗಾಲದಲ್ಲಿ ಎರಡೂವರೆವರೆಗೆ ಕೂತೆ. ಇದರಿಂದ ಷೇರಿನಲ್ಲಿ ಎಷ್ಟು ಬಂತೋ ಲೆಕ್ಕ ಇಟ್ಟಿಲ್ಲ. ಅಂಗಡಿಯಲ್ಲಿ ಹೋದದ್ದು ಮಾತ್ರ ನೆನಪಿದೆ. ಒಬ್ಬರು ಮೇಷ್ಟ್ರ ಪ್ರಶ್ನೆಪತ್ರಿಕೆಯನ್ನು ಎರಡೂ ಬದಿಗೆ ಒಂದೇ ಪುಟ ಬರುವಂತೆ 200 ಪ್ರತಿ ತೆಗೆದಿದ್ದೆ. ಕಾಗದ ನನ್ನದು, ಟೋನರ್ ನನ್ನದು, ಬೈಗುಳವೂ ನನ್ನದೇ. ಮಳೆಗಾಲದ ಸಾಗರ ಬೇರೆ. ಕರೆಂಟ್ ಹೋದರೆ ಮನೆಯ ವೈಫೈ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ. ಆರ್ಡರ್ ಹೋಯಿತೋ ಇಲ್ಲವೋ ಗೊತ್ತಾಗದೆ ಮೊಬೈಲ್ ಹಿಡಿದು ಅಂಗಳದಲ್ಲಿ ಕೊಡೆ ಬಿಚ್ಚಿ ನಿಂತದ್ದಿದೆ. 'ಅಮೆರಿಕಕ್ಕೆ ಸಿಗ್ನಲ್ ಬಂತಾ?' ಅಂತ ಹೆಂಡತಿ ಒಳಗಿನಿಂದ ಕೇಳುತ್ತಿದ್ದಳು.

ಆ ದಿನಗಳಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ ಬಡ್ಡಿ ನಿರ್ಧಾರದ ರಾತ್ರಿಗಳನ್ನೂ ಆಡಿ ನೋಡಿದೆ. ಬೇಸಿಗೆಯಲ್ಲಿ ನಮ್ಮ 11:30ಕ್ಕೆ ನಿರ್ಧಾರ ಬರುತ್ತದೆ, ಅರ್ಧ ಗಂಟೆ ಬಿಟ್ಟು ಅಧ್ಯಕ್ಷರ ಪತ್ರಿಕಾಗೋಷ್ಠಿ. ಮೊದಲ ಅರ್ಧ ಗಂಟೆಯಲ್ಲಿ ಏರಿದ್ದು, ಅವರು ಬಾಯಿ ತೆರೆದೊಡನೆ ಇಳಿಯುವುದನ್ನು ನಾಲ್ಕೈದು ಸಲ ಕಂಡೆ. ಎರಡು ಸಲ ಕೈ ಸುಟ್ಟುಕೊಂಡೆ. ಅಲ್ಲಿಗೆ ಆ ಆಟ ಬಿಟ್ಟೆ.

ತಿರುವು ಬಂದದ್ದು ಅಪ್ಪನ ಹಳೆಯ ಎಚ್‌ಎಂಟಿ ಕೈಗಡಿಯಾರದಿಂದ. ಕೀ ಕೊಡುವ ಗಡಿಯಾರ, ಗಲ್ಲಾಪೆಟ್ಟಿಗೆಯಲ್ಲಿ ಬಿದ್ದಿತ್ತು. ಒಂದು ದಿನ ಅದನ್ನು ನ್ಯೂಯಾರ್ಕ್ ಸಮಯಕ್ಕೆ ಇಟ್ಟೆ. ಮೊಬೈಲ್‌ನಲ್ಲೇ ಎರಡನೇ ಗಡಿಯಾರ ಬರುತ್ತದಲ್ಲ ಅನ್ನಬಹುದು. ಬರುತ್ತದೆ, ಆದರೆ ಮೊಬೈಲ್ ತೆಗೆದರೆ ನಾನು ಸಮಯ ನೋಡಿ ಸುಮ್ಮನಾಗುವುದಿಲ್ಲ, ದರ ನೋಡುತ್ತೇನೆ, ಕೈ ತುರಿಸುತ್ತದೆ. ಗಡಿಯಾರ ಸಮಯವನ್ನು ಮಾತ್ರ ತೋರಿಸುತ್ತದೆ.

ಇದಕ್ಕೊಂದು ಸುಲಭದ ಲೆಕ್ಕ ಇದೆ. ಬೇಸಿಗೆಯಲ್ಲಿ ನಾವು ಒಂಬತ್ತೂವರೆ ಗಂಟೆ ಮುಂದೆ. ಅದನ್ನು ಕಳೆಯುತ್ತಾ ಕೂರುವುದು ಬೇಡ, ಮುಳ್ಳಿನ ಗಡಿಯಾರದಲ್ಲಿ ನಮ್ಮ ಸಮಯಕ್ಕೆ ಎರಡೂವರೆ ಗಂಟೆ ಕೂಡಿದರೆ ಆಯಿತು. ನಮ್ಮ ಸಂಜೆ 7 ಅಂದರೆ ಅವರ 9:30. ಚಳಿಗಾಲದಲ್ಲಿ ಒಂದೂವರೆ ಕೂಡಬೇಕು, 8 ಅಂದರೆ 9:30. ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ, ವರ್ಷಕ್ಕೆ ಎರಡೇ ಸಲ ನಾನು ಮುಳ್ಳು ತಿರುಗಿಸುತ್ತೇನೆ. ಕ್ಯಾಲೆಂಡರ್‌ನಲ್ಲಿ ಹಬ್ಬದ ಹಾಗೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದೇನೆ.

ನನ್ನ ಹೊತ್ತು ಅವರ 10:15. ನಮ್ಮ ಲೆಕ್ಕಕ್ಕೆ ಬೇಸಿಗೆಯಲ್ಲಿ ಏಳೂಮುಕ್ಕಾಲು, ಚಳಿಗಾಲದಲ್ಲಿ ಎಂಟೂಮುಕ್ಕಾಲು. ಬಾಗಿಲು ತೆರೆದ ಮೊದಲ ಮುಕ್ಕಾಲು ಗಂಟೆ ನಾನು ಮುಟ್ಟುವುದೇ ಇಲ್ಲ. ಇದಕ್ಕೂ ದುಡ್ಡು ಕೊಟ್ಟೇ ಕಲಿತಿದ್ದೇನೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ, 3 ಗಂಟೆಗೆ, ಜಾಸ್ತಿ ವಹಿವಾಟಿಲ್ಲದ ಒಂದು ಇಟಿಎಫ್‌ಗೆ (ಹಲವು ಷೇರುಗಳ ಗಂಟು, ಒಂದೇ ಷೇರಿನಂತೆ ಕೊಳ್ಳಬಹುದು) ಮಾರ್ಕೆಟ್ ಆರ್ಡರ್ ಹಾಕಿದ್ದೆ. ಹಿಂದಿನ ದಿನ 31 ಡಾಲರ್ ಚಿಲ್ಲರೆ ಇತ್ತು. ಆರ್ಡರ್ ಸಂಜೆವರೆಗೆ ಸಾಲಿನಲ್ಲಿ ಕಾದು, ತೆರೆದ ತಕ್ಷಣ 32.40ಕ್ಕೆ ಸಿಕ್ಕಿತು. ಇಪ್ಪತ್ತು ನಿಮಿಷಕ್ಕೆ ದರ ಮತ್ತೆ 31ಕ್ಕೆ ಬಂತು. ತೆರೆದ ಮೊದಲ ನಿಮಿಷಗಳಲ್ಲಿ ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವೆ ಎತ್ತಿನಗಾಡಿ ಹೋಗುವಷ್ಟು ಜಾಗ ಇರುತ್ತದೆ. ಇಷ್ಟಕ್ಕಿಂತ ಹೆಚ್ಚು ದರ ಕೊಡುವುದಿಲ್ಲ ಅನ್ನುವ ಲಿಮಿಟ್ ಆರ್ಡರನ್ನು ನನ್ನ ಆಪ್‌ನಲ್ಲಿ ತುಂಡು ಷೇರಿಗೆ (ಒಂದು ಷೇರಿನ ಅರ್ಧ, ಕಾಲು ಭಾಗ) ಹಾಕಲು ಬರುತ್ತಿರಲಿಲ್ಲ. ಹಾಗಾಗಿ ಪೂರ್ತಿ ಷೇರನ್ನೇ ಕೊಳ್ಳುವ ರೂಢಿ ಮಾಡಿಕೊಂಡೆ.

ಅಂದರೆ ದಿನಾ 10:15ಕ್ಕೆ ಒಂದು ಸಲ ನೋಡುವುದು. ಬೇಕಿದ್ದರೆ ಲಿಮಿಟ್ ಆರ್ಡರ್ ಹಾಕುವುದು, ಅದೂ ಜಿಟಿಸಿ, ರದ್ದು ಮಾಡುವವರೆಗೂ ಇರುವಂಥದ್ದು. ಆಮೇಲೆ ಮೊಬೈಲನ್ನು ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಚಾರ್ಜಿಗೆ ಹಾಕುವುದು. ಕೊನೆಯ ಅರ್ಧ ಗಂಟೆಯಲ್ಲಿ ವಹಿವಾಟು ಜೋರು ಅಂತ ಎಲ್ಲರೂ ಹೇಳುತ್ತಾರೆ. ನಿಜವೇ. ಇರಲಿ ಬಿಡಿ, ಅದು ನಮ್ಮ ರಾತ್ರಿ ಒಂದು ಗಂಟೆ.

ಭಾವನಿಗೆ ಹೇಳಿದಾಗ ನಕ್ಕರು. 'ಅಷ್ಟು ಸುಲಭವಾಗಿದ್ದರೆ ಎಲ್ಲರೂ ಮಾಡುತ್ತಿದ್ದರು' ಅಂದರು. ಮೊದಲ ವರ್ಷ ಅವರು ನಗುವುದಕ್ಕೆ ಕಾರಣವೂ ಸಿಕ್ಕಿತು.

2021ರ ನವೆಂಬರ್ 26. ಕೊರೊನಾದ ಹೊಸ ತಳಿಯ ಸುದ್ದಿ ಬಂದು ಮಾರುಕಟ್ಟೆ ಕುಸಿಯುತ್ತಿತ್ತು. ಅವತ್ತು ನನ್ನದೇ ನಿಯಮ ಮುರಿದು, ಇನ್ನೂ ಬೀಳಲಿ, ಊಟ ಮುಗಿಸಿ ಹನ್ನೆರಡರ ಮೇಲೆ ಕೊಳ್ಳೋಣ ಅಂತ ಕಾದೆ. ಹನ್ನೆರಡಕ್ಕೆ ನೋಡಿದರೆ ಬಾಗಿಲು ಹಾಕಿದೆ. ಆಪ್ ಕೆಟ್ಟಿದೆ ಅಂದುಕೊಂಡು ಎರಡು ಸಲ ಅಳಿಸಿ ಹಾಕಿದೆ. ಅದು ಅಮೆರಿಕದವರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ. ಅವತ್ತು ಅವರ ಮಧ್ಯಾಹ್ನ 1ಕ್ಕೇ, ಅಂದರೆ ನಮ್ಮ 11:30ಕ್ಕೆ ಮುಚ್ಚುತ್ತಾರೆ. ಸೋಮವಾರ ದರ ಮೇಲೆದ್ದೇ ಇತ್ತು. ರಜೆ ಪಟ್ಟಿ ಎಲ್ಲರೂ ನೋಡಿಡುತ್ತಾರೆ, ಈ ಅರ್ಧ ದಿನಗಳನ್ನು ಯಾರೂ ನೋಡುವುದಿಲ್ಲ. ಕ್ರಿಸ್‌ಮಸ್ ಮುನ್ನಾದಿನ, ಜುಲೈ 4ರ ಹಿಂದಿನ ದಿನ ಕೂಡ ಸಾಮಾನ್ಯವಾಗಿ ಹೀಗೇ. 2022ರಿಂದ ಜೂನ್‌ನಲ್ಲಿ ಜೂನ್‌ಟೀನ್ತ್ ಅಂತ ಇನ್ನೊಂದು ಪೂರ್ತಿ ರಜೆ ಸೇರಿದೆ.

ಇನ್ನೊಂದು ಪೆಟ್ಟು ಜಿಟಿಸಿಯಿಂದಲೇ. ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ಷೇರು 320 ಡಾಲರ್ ಮೇಲಿತ್ತು. 300ಕ್ಕೆ ಆರ್ಡರ್ ಇಟ್ಟು ಮರೆತೇಬಿಟ್ಟಿದ್ದೆ. 2022ರ ಫೆಬ್ರವರಿ 2ರಂದು ಮಾರುಕಟ್ಟೆ ಮುಚ್ಚಿದ ಮೇಲೆ ಅವರ ಲಾಭ-ನಷ್ಟದ ಫಲಿತಾಂಶ ಬಂತು, ಆಗ ನಮಗೆ ಬೆಳಗಿನ ಜಾವ. ಮರುದಿನ ಷೇರು ಶೇ 26ರಷ್ಟು ಬಿತ್ತು. ನನ್ನ ಆರ್ಡರ್ ತೆರೆಯುತ್ತಲೇ 240 ಚಿಲ್ಲರೆಗೆ ಸಿಕ್ಕಿತು. '300ಕ್ಕೆ ಕೇಳಿದ್ದು 240ಕ್ಕೆ!' ಅಂತ ಮನೆಯಲ್ಲಿ ಪಾಯಸ ಮಾಡಿಸಿದೆ. ಅದೇ ನವೆಂಬರ್‌ಗೆ ಅದು 90ರ ಕೆಳಗೆ ಇಳಿದಿತ್ತು. ನಾನು ನಡುವೆ 160ರ ಆಸುಪಾಸಿನಲ್ಲಿ ಬೇಸತ್ತು ಮಾರಿದ್ದೆ. ಈಗ ಫಲಿತಾಂಶದ ವಾರ ಬಂದರೆ ಬಿಡಿ ಷೇರುಗಳ ಆರ್ಡರ್‌ಗಳನ್ನೆಲ್ಲ ಮೊದಲು ರದ್ದು ಮಾಡುತ್ತೇನೆ. ಸೂಚ್ಯಂಕದ ಇಟಿಎಫ್ ಆರ್ಡರ್ ಮಾತ್ರ ಇರುತ್ತದೆ.

ಈ ಪದ್ಧತಿ ಕೈಹಿಡಿದದ್ದು 2025ರ ಏಪ್ರಿಲ್‌ನಲ್ಲಿ. ಟ್ರಂಪ್ ಸುಂಕದ ಗಲಾಟೆ. ಏಪ್ರಿಲ್ 7, ಸೋಮವಾರ ಸಂಜೆ ಏಳೂಮುಕ್ಕಾಲಕ್ಕೆ ಸ್ವಲ್ಪ ಮೊದಲು, ಸುಂಕಕ್ಕೆ 90 ದಿನ ತಡೆ ಅಂತ ಒಂದು ಸುಳ್ಳು ಸುದ್ದಿ ಹಬ್ಬಿತು. ಶೇ 4ರಷ್ಟು ಬಿದ್ದಿದ್ದ ಸೂಚ್ಯಂಕ ಕೆಲವೇ ನಿಮಿಷದಲ್ಲಿ ಶೇ 3 ಏರಿಕೆಗೆ ಹಾರಿ, ಸುದ್ದಿ ಸುಳ್ಳು ಅಂತ ಗೊತ್ತಾದಾಗ ಹಾಗೇ ಕೆಳಗೆ ಬಂತು. ಹಳೆಯ ನಾನಾಗಿದ್ದರೆ ಆ ತುದಿಯಲ್ಲೇ ಕೊಂಡಿರುತ್ತಿದ್ದೆ. ಅವತ್ತು ಧೂಳು ಅಡಗುವುದಕ್ಕೆ ಕಾದು, ವ್ಯಾನ್‌ಗಾರ್ಡ್ ಎಂಬ ಫಂಡ್ ಕಂಪನಿಯ ಎಸ್ ಅಂಡ್ ಪಿ 500 ಇಟಿಎಫ್‌ಗೆ 455 ಡಾಲರ್ ಆಸುಪಾಸಿನಲ್ಲಿ ಆರ್ಡರ್ ಇಟ್ಟು ಮೊಬೈಲ್ ಅಟ್ಟಕ್ಕೆ ಏರಿಸಿದೆ. ಅವತ್ತು ಸಿಗಲಿಲ್ಲ. ಮರುದಿನದ ವಹಿವಾಟಿನಲ್ಲಿ, ನಾನು ಗೊರಕೆ ಹೊಡೆಯುತ್ತಿದ್ದಾಗ, ಸಿಕ್ಕಿತು. ಅದರ ಮರುರಾತ್ರಿ, 9ರಂದು, ನಮ್ಮ ಹತ್ತೂಮುಕ್ಕಾಲರ ಹೊತ್ತಿಗೆ ನಿಜವಾದ ತಡೆಯನ್ನೇ ಘೋಷಿಸಿದರು. ಒಂದೇ ದಿನ ಶೇ 9.5 ಏರಿಕೆ. ಬೆಳಿಗ್ಗೆ ಹಾಲು ತರಲು ಹೋಗುವಾಗ ನೋಡಿದರೆ 500 ದಾಟಿತ್ತು. ಭಾವ ಆ ರಾತ್ರಿ ಎಚ್ಚರವಿದ್ದರಂತೆ. ಏರಿದ ಮೇಲೆ ಕೊಂಡರಂತೆ.

ಆ 455 ಎಂಬ ಸಂಖ್ಯೆ ಎಲ್ಲಿಂದ ಬಂತು ಅಂತ ಕೇಳಬೇಡಿ. ಅದಕ್ಕೊಂದು ಲೆಕ್ಕ ಇದೆ, ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿದೆ, ಅಲ್ಲೇ ಇರಲಿ.

ನಡುವೆ ಒಂದೆರಡು ಪ್ರಯೋಗ ಮಾಡಿದೆ. ಇನ್ಫೋಸಿಸ್ ಷೇರು ನ್ಯೂಯಾರ್ಕ್‌ನಲ್ಲೂ ನಡೆಯುತ್ತದೆ, ಅಲ್ಲಿನ ಒಂದಕ್ಕೆ ಇಲ್ಲಿನ ಒಂದು ಸಮ. ರಾತ್ರಿ ಅಲ್ಲಿ ಏರಿದರೆ ಬೆಳಿಗ್ಗೆ 9:15ಕ್ಕೆ ಇಲ್ಲಿ ಕೊಂಡು ಲಾಭ ಮಾಡಬಹುದಲ್ವಾ ಅಂತ ಸುಮಾರು ನಲವತ್ತು ದಿನ ಬರೆದಿಟ್ಟೆ. ಡಾಲರ್ ದರದಿಂದ ಗುಣಿಸಿ ನೋಡಿದರೆ, ಇಲ್ಲಿ ಬಾಗಿಲು ತೆರೆಯುವುದೇ ಅಲ್ಲಿನ ದರಕ್ಕೆ ಹತ್ತಿರದಲ್ಲಿ. ನಮಗೆ ಗೊತ್ತಾದದ್ದು ಎಲ್ಲರಿಗೂ ಗೊತ್ತಾಗಿರುತ್ತದೆ. ಒಂದು ನೋಟ್‌ಬುಕ್ ಹಾಳಾಯಿತು, ಅಂಗಡಿಯದ್ದೇ, ಪರವಾಗಿಲ್ಲ.

ಇನ್ನೊಂದು, ಹಗಲಲ್ಲೇ ಅಮೆರಿಕ ಕೊಳ್ಳುವ ಪ್ರಯೋಗ. ಅಮೆರಿಕದ ನೂರು ಕಂಪನಿಗಳ ಸೂಚ್ಯಂಕ ನಾಸ್‌ಡಾಕ್ 100ರ ಇಟಿಎಫ್ ನಮ್ಮ ಎಕ್ಸ್‌ಚೇಂಜ್‌ನಲ್ಲೇ ಸಿಗುತ್ತದೆ. ನಿದ್ದೆಯೂ ಉಳಿಯಿತು, ಬ್ಯಾಂಕ್ ಶುಲ್ಕವೂ ಉಳಿಯಿತು ಅಂತ ಕೊಂಡೆ. 2022ರಲ್ಲಿ ಫಂಡ್‌ಗಳ ವಿದೇಶಿ ಹೂಡಿಕೆಯ ಮಿತಿ ತುಂಬಿದ ಮೇಲೆ ಇವು ಒಳಗಿನ ಮೌಲ್ಯಕ್ಕಿಂತ ಜಾಸ್ತಿ ದರಕ್ಕೆ ನಡೆಯತೊಡಗಿದವು. ನಾನು ಕೊಂಡದ್ದು ಶೇ 5ರಷ್ಟು ಜಾಸ್ತಿ ಕೊಟ್ಟು. ಆಮೇಲೆ ಆ ಅಂತರ ಕರಗಿತು, ನನ್ನ ದುಡ್ಡೂ ಕರಗಿತು. ಕೊಳ್ಳುವ ಮೊದಲು ಐಎನ್‌ಎವಿ, ಅಂದರೆ ಆ ಹೊತ್ತಿನ ಒಳಗಿನ ಮೌಲ್ಯ, ನೋಡುವ ಅಭ್ಯಾಸ ಆಮೇಲಿನದ್ದು.

ದುಡ್ಡಿನ ಲೆಕ್ಕ ಕೇಳುವವರಿಗೆ: ಮೊದಲು ತಿಂಗಳಿಗೆ 10 ಸಾವಿರದಂತೆ ಕಳಿಸುತ್ತಿದ್ದೆ. ಪ್ರತಿ ಸಲ ಬ್ಯಾಂಕ್ ಶುಲ್ಕ, ಜಿಎಸ್‌ಟಿ ಸೇರಿ ಸಾವಿರದ ಮೇಲೆ, ಡಾಲರ್ ದರದಲ್ಲೂ ಒಂದು ರೂಪಾಯಿ ನುಂಗುತ್ತಾರೆ. ಅಂದರೆ ಶೇ 10ಕ್ಕೂ ಹೆಚ್ಚು ದಾರಿಯಲ್ಲೇ ಸೋರುತ್ತಿತ್ತು. ಇದನ್ನು ಗಮನಿಸಲು ನನ್ನಂಥ ವ್ಯಾಪಾರಿಗೆ ಆರು ತಿಂಗಳು ಬೇಕಾಯಿತು ಅನ್ನುವುದೇ ನಾಚಿಕೆ. ಈಗ ವರ್ಷಕ್ಕೆ ಎರಡು ಸಲ, ಒಂದೊಂದೂವರೆ ಲಕ್ಷ. ವಿದೇಶಕ್ಕೆ ಕಳಿಸುವಾಗಲೇ ಬ್ಯಾಂಕ್ ಹಿಡಿಯುವ ತೆರಿಗೆ ಟಿಸಿಎಸ್, ಅದರ ಮಿತಿ ಮುಟ್ಟುವುದಿಲ್ಲ. ಇದುವರೆಗೆ ಹಾಕಿದ್ದು 9 ಲಕ್ಷದ ಹತ್ತಿರ, ಈಗ ಇರುವುದು 15ರ ಮೇಲೆ. ಅದರಲ್ಲಿ ಡಾಲರ್ ತಾನಾಗಿಯೇ ಏರಿ ಕೊಟ್ಟದ್ದೂ ಇದೆ, ಪೂರ್ತಿ ನನ್ನ ಜಾಣತನ ಅಲ್ಲ. ವರ್ಷಕ್ಕೆ ಇಪ್ಪತ್ತು, ಹೆಚ್ಚೆಂದರೆ ಇಪ್ಪತ್ತೈದು ಆರ್ಡರ್.

ಒಂದು ಸಣ್ಣ ತೊಡಕು ಹೇಳಿಬಿಡುತ್ತೇನೆ. ನಮ್ಮ ನಡುರಾತ್ರಿ ಕಳೆದು ಸಿಕ್ಕಿದ ಷೇರಿಗೆ ಸ್ಟೇಟ್‌ಮೆಂಟ್‌ನಲ್ಲಿ ಹಿಂದಿನ ದಿನದ ತಾರೀಖು ಇರುತ್ತದೆ. ನನ್ನ ಡೈರಿಗೂ ಅದಕ್ಕೂ ತಾಳೆಯಾಗದೆ ಆಡಿಟರ್ ಹತ್ತಿರ ಒಂದು ಮಧ್ಯಾಹ್ನ ಕಳೆದೆ. ದೀರ್ಘಾವಧಿ ಲಾಭದ ತೆರಿಗೆಗೆ 24 ತಿಂಗಳು ತುಂಬಿದೆಯೋ ಇಲ್ಲವೋ ಅನ್ನುವುದಕ್ಕೂ, ರಿಟರ್ನ್ಸ್‌ನಲ್ಲಿ ವಿದೇಶಿ ಆಸ್ತಿ ತೋರಿಸುವ ಶೆಡ್ಯೂಲ್ ಎಫ್‌ಎಗೂ ತಾರೀಖು ಬೇಕು. ಈಗ ಡೈರಿಯನ್ನೂ ನ್ಯೂಯಾರ್ಕ್ ತಾರೀಖಿನಲ್ಲೇ ಬರೆಯುತ್ತೇನೆ.

ಮೊನ್ನೆ ಭಾವ ಫೋನ್ ಮಾಡಿ, ಅಮೆರಿಕದ ನಾಸ್‌ಡಾಕ್ ಷೇರುಪೇಟೆ ವಾರದ ದಿನಗಳಲ್ಲಿ ಹೆಚ್ಚುಕಮ್ಮಿ ಹಗಲೂ ರಾತ್ರಿ ತೆರೆಯುವ ಯೋಜನೆ ಹಾಕಿದೆ, ಇನ್ನು ನಿನ್ನ ಗಡಿಯಾರ ಗುಜರಿಗೆ, ಬೆಳಿಗ್ಗೆ 11ಕ್ಕೇ ಆರಾಮಾಗಿ ಕೊಳ್ಳಬಹುದು ಅಂದರು. 11ಕ್ಕೆ ತಾಲ್ಲೂಕು ಕಚೇರಿಗೆ ಬಂದವರೆಲ್ಲ ಆಧಾರ್, ಪಹಣಿ ಹಿಡಿದು ನನ್ನ ಅಂಗಡಿ ಮುಂದೆ ನಿಂತಿರುತ್ತಾರೆ. ಆಗ ನಾನೆಲ್ಲಿ ಅಮೆರಿಕ ನೋಡಲಿ? ಫೋನ್ ಇಟ್ಟು ಗಡಿಯಾರಕ್ಕೆ ಕೀ ಕೊಟ್ಟೆ.