ಗ್ಯಾಸ್ ಏರ್‌ಸಾಫ್ಟ್ ಬಂದೂಕನ್ನು ಶುಚಿಗೊಳಿಸಿ ಎಣ್ಣೆ ಹಾಕುವ ಕ್ರಮ

ಸೆಪ್ಟೆಂಬರ್ 3ರ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್‌ಗೆ ಮನೆಯ ಕೋವಿಯನ್ನು ಒರೆಸಿ, ಎಣ್ಣೆ ಹಚ್ಚಿ, ತೋಕ್ ಪೂವಿನಿಂದ (ಕೋವಿ ಹೂವಿನಿಂದ) ಸಿಂಗರಿಸಿ ದೇವರ ಕೋಣೆಯಲ್ಲಿಡುವುದನ್ನು ನೋಡುತ್ತ ಬೆಳೆದ ಕೊಡಗಿನವರಿಗೆ ಈ ಕೆಲಸ ಹೊಸತೇನಲ್ಲ. ಆದರೆ ಆ ಎಣ್ಣೆ, ಗ್ಯಾಸಿನ ಒತ್ತಡದಿಂದ ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಏರ್‌ಸಾಫ್ಟ್ ಬಂದೂಕಿಗೆ ಸಲ್ಲದು. ಕೋವಿಯನ್ನು ಕಾಯಬೇಕಾದುದು ತುಕ್ಕಿನಿಂದ. ಗ್ಯಾಸ್ ಬಂದೂಕಿನ ಜೀವ ಇರುವುದು ರಬ್ಬರಿನಲ್ಲಿ. ಒಂದು ಮಳೆಗಾಲದಲ್ಲಿ ನಾನೇ ಕೋವಿಯ ಎಣ್ಣೆಯ ಡಬ್ಬಿಯಿಂದ ಎರಡು ಹನಿಯನ್ನು ಮ್ಯಾಗಜೀನಿನ (ಗುಂಡು, ಗ್ಯಾಸ್ ತುಂಬುವ ಡಬ್ಬಿಯ) ವಾಲ್ವ್‌ಗೆ ಬಿಟ್ಟಿದ್ದೆ. ಕೆಲವು ವಾರಗಳ ಬಳಿಕ ಗ್ಯಾಸ್ ಸುಯ್ಯೆಂದು ಸೋರತೊಡಗಿತು. ಬಿಚ್ಚಿ ನೋಡಿದರೆ ಗ್ಯಾಸ್ ಸೋರದಂತೆ ತಡೆಯುವ ರಬ್ಬರ್ ಉಂಗುರ, ಅಂದರೆ ಓ-ರಿಂಗ್, ತನ್ನ ತೋಡಿನಲ್ಲಿ ಕೂರಲಾಗದಷ್ಟು ಉಬ್ಬಿತ್ತು. ಆದ್ದರಿಂದ ರಬ್ಬರ್ ಇರುವಲ್ಲೆಲ್ಲ ಶುದ್ಧ ಸಿಲಿಕೋನ್ ಎಣ್ಣೆಯನ್ನೇ ಬಳಸಬೇಕು. ತೆಂಗಿನೆಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಯಾವುದೂ ಬೇಡ.

ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿಕೊಂಡು, ಮೊದಲು ಮ್ಯಾಗಜೀನನ್ನು ಹೊರತೆಗೆದು, ನಳಿಕೆಯಲ್ಲಿ ಗುಂಡು ಉಳಿದಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಿ. ಗ್ರೀನ್ ಗ್ಯಾಸ್ ಎಂದು ಮಾರುವುದು ಮುಖ್ಯವಾಗಿ ಪ್ರೊಪೇನ್ ಆಗಿರುವುದರಿಂದ ಅದಕ್ಕೆ ಬೇಗ ಬೆಂಕಿ ಹತ್ತುತ್ತದೆ. ಮ್ಯಾಗಜೀನಿನ ಗ್ಯಾಸನ್ನು ಒಲೆಯಿಂದ ದೂರ, ಅಂಗಳದಲ್ಲಿ ಬಿಡಬೇಕು.

ಹೆಚ್ಚು ತಾಳ್ಮೆ ಬೇಡುವುದು ಒಳನಳಿಕೆ. ಬಹುಪಾಲು ಬಂದೂಕುಗಳಲ್ಲಿ ಗುಂಡಿನ ವ್ಯಾಸ ಸುಮಾರು 5.95 ಮಿ.ಮೀ., ನಳಿಕೆಯ ಒಳವ್ಯಾಸ 6.03ರಿಂದ 6.08 ಮಿ.ಮೀ.; ಇಷ್ಟು ಕಿರಿದಾದ ಸಂದಿನಲ್ಲಿ ಧೂಳು ಮತ್ತು ಎಣ್ಣೆ ಸೇರಿದ ತೆಳುಪದರವೂ ಗುಂಡಿನ ದಿಕ್ಕು ಕೆಡಿಸಬಲ್ಲದು. ನಳಿಕೆಯಲ್ಲಿ ಗುಂಡಿನ ಮೇಲೆ ರಬ್ಬರನ್ನು ಒತ್ತುವ ಹಾಪ್-ಅಪ್ ಅನ್ನು ಪೂರ್ಣ ಸಡಿಲಿಸಿ, ಶುಚಿಗೊಳಿಸುವ ಕಡ್ಡಿಯ ತುದಿಯೂ ಮುಚ್ಚುವಂತೆ ನೂಲು ಬಿಡದ ಹತ್ತಿ ಬಟ್ಟೆಯ ಪಟ್ಟಿಯನ್ನು ಸುತ್ತಿ, ಮೆಲ್ಲನೆ ತಿರುಗಿಸುತ್ತ ಒಳಗೆ ಬಿಟ್ಟು ಹೊರಗೆಳೆಯಿರಿ. ಮೊದಲ ಪಟ್ಟಿ ಬೂದು ಬಣ್ಣಕ್ಕೆ ತಿರುಗಿ ಬರುತ್ತದೆ. ಪಟ್ಟಿ ಬಿಳಿಯಾಗಿಯೇ ಬರುವವರೆಗೆ ಬದಲಿಸುತ್ತಿರಬೇಕು. ನಳಿಕೆಗೂ ಹಾಪ್-ಅಪ್ ರಬ್ಬರಿಗೂ ಎಣ್ಣೆ ಸೋಂಕಬಾರದು. ಆ ರಬ್ಬರ್ ಗುಂಡನ್ನು ಹಿಡಿದು ಹಿಂದಕ್ಕೆ ತಿರುಗಿಸುವುದರಿಂದಲೇ ಗುಂಡು ನೇರವಾಗಿ ದೂರ ಸಾಗುವುದು. ಎಣ್ಣೆ ತಗುಲಿದರೆ ಆ ಹಿಡಿತ ಜಾರಿಹೋಗುತ್ತದೆ.

ಬಂದೂಕಿನ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡಿನ ಹಳಿಗಳಿಗೆ ಸಿಲಿಕೋನ್ ಗ್ರೀಸನ್ನು ಬೆರಳಿನಿಂದ ತೆಳುವಾಗಿ ಸವರಿ, ಪಿಸ್ಟನ್ನಿನ ಓ-ರಿಂಗಿಗೆ ಒಂದು ಹನಿ ಎಣ್ಣೆ ಹಾಕಿ. ಮ್ಯಾಗಜೀನನ್ನು ತಲೆಕೆಳಗಾಗಿ ಹಿಡಿದು, ಗ್ಯಾಸ್ ತುಂಬುವ ವಾಲ್ವ್‌ಗೆ ಎರಡು ಮೂರು ಹನಿ ಬಿಟ್ಟು ನಂತರ ಗ್ಯಾಸ್ ತುಂಬಿದರೆ, ಎಣ್ಣೆ ಅದರೊಂದಿಗೆ ಒಳಗಿನ ಸೀಲುಗಳನ್ನು ತಲುಪುತ್ತದೆ. 12 ಗ್ರಾಂ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬಳಸುವವರು ಅದರ ಮೂತಿಗೆ ಒಂದು ಹನಿ ಹಾಕಿ ಕೂರಿಸಬೇಕು.

ಗ್ರೀನ್ ಗ್ಯಾಸಿನ ಮ್ಯಾಗಜೀನಿನಲ್ಲಿ ಸೀಲುಗಳು ಒತ್ತಿಕೊಂಡಿರುವಂತೆ ಸ್ವಲ್ಪ ಗ್ಯಾಸ್ ಉಳಿಸಿಡಬೇಕು; ಕಾರ್ಬನ್ ಡೈಆಕ್ಸೈಡ್ ಸಿಲಿಂಡರನ್ನು ಮಾತ್ರ ಆಟ ಮುಗಿದೊಡನೆ ತೆಗೆದುಬಿಡಬೇಕು. ಮಳೆಗಾಲದ ಕಕ್ಕಡ ತಿಂಗಳ ಥಂಡಿಗೆ ಹೆದರಿ ಒಲೆಯ ಮೇಲಿನ ಅಟ್ಟದಲ್ಲಿಡುವ ಯೋಚನೆ ಬಂದೀತು, ಆದರೆ ಬಿಸಿಯಿಂದ ಒಳಗಿನ ಒತ್ತಡ ಏರುವುದರಿಂದ ಅದು ಅಪಾಯಕರ. ಬಂದೂಕನ್ನು ಒಣ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ, ಮಕ್ಕಳ ಕೈಗೆ ಸಿಗದ ಬೀಗವಿರುವ ಕಪಾಟಿನಲ್ಲಿಡಿ.