ಎರ್ಬಿಲ್‌ನಲ್ಲಿ ಕಡಿಮೆ ಖರ್ಚಿನ ರೂಮು ಹಿಡಿಯುವವರಿಗೆ

ಇರಾಕಿ ಕುರ್ದಿಸ್ತಾನದ ಎರ್ಬಿಲ್‌ಗೆ ಹೊರಟವರು ರೂಮನ್ನು ಕೋಟೆದಿಬ್ಬದ ಬುಡದಲ್ಲಿ, ಕೈಸರಿ ಬಜಾರಿನ ಆಸುಪಾಸಿನಲ್ಲೇ ನೋಡಿ. ಅಗ್ಗದ ಹೋಟೆಲುಗಳು ಹೆಚ್ಚಾಗಿ ಇರುವುದು ಅಲ್ಲೇ. 2014ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಕೋಟೆಗೆ ನಡೆದೇ ಹೋಗಬಹುದು, ಊಟ-ಚಹಾ ಕೂಡ ಕೈಗೆಟಕುವ ದೂರದಲ್ಲಿ.

ಹಣ ಕೊಡುವ ಮೊದಲು ರೂಮು ತೋರಿಸಲು ಕೇಳಿ. ಜುಲೈ-ಆಗಸ್ಟ್‌ನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಹಾಗಾಗಿ ಎಸಿ ಹಾಕಿಸಿ ಐದು ನಿಮಿಷ ಅಲ್ಲೇ ನಿಲ್ಲಿ. ಕರೆಂಟು ಹೋದರೆ ಎಸಿಯೂ ಜನರೇಟರಿನಲ್ಲಿ ಓಡುತ್ತದೆಯೇ ಎಂದು ಮರೆಯದೆ ವಿಚಾರಿಸಿ. ಕೆಲವು ಕಡೆ ದೀಪ, ಫ್ಯಾನಿಗಷ್ಟೇ ಆ ಸಂಪರ್ಕ ಕೊಟ್ಟಿರುತ್ತಾರೆ, ರಾತ್ರಿ ನಿದ್ದೆ ಕೆಡುವುದು ಇದರಿಂದಲೇ. ಬೀದಿ ಕಡೆಯ ರೂಮಿಗಿಂತ ಹಿಂಬದಿಯದು ಎಷ್ಟೋ ವಾಸಿ.

ಕಾರ್ಡ್ ನಂಬಬೇಡಿ, ನಗದು ಇಟ್ಟುಕೊಳ್ಳಿ. ಡಾಲರ್ ನೋಟು ಹೊಸದಾಗಿರಲಿ. ಹರಿದದ್ದು, ಗೀಚಿದ್ದು ಇದ್ದರೆ ವಾಪಸ್ ಕೊಡುತ್ತಾರೆ. ಒಂದಿಷ್ಟು ದಿನಾರ್‌ಗೆ ಬದಲಾಯಿಸಿಕೊಂಡರೆ ಚಿಲ್ಲರೆ ಖರ್ಚಿಗೆ ಸಲೀಸು. ಪಾಸ್‌ಪೋರ್ಟ್, ವೀಸಾದ ಎರಡೆರಡು ಜೆರಾಕ್ಸ್ ಬೇಕು: ಒಂದು ಹೋಟೆಲಿಗೆ, ಇನ್ನೊಂದು ನಿಮ್ಮ ಚೀಲದಲ್ಲಿ. ಊರಾಚೆ ಹೋಗುವಾಗ ಮಾತ್ರ ಮೂಲ ಪಾಸ್‌ಪೋರ್ಟೇ ಜೊತೆಗಿರಲಿ, ದಾರಿಯಲ್ಲಿ ಚೆಕ್‌ಪೋಸ್ಟ್‌ಗಳಿವೆ.

ಮಾರ್ಚ್ 21ರ ನೌರೋಜ್ ಮತ್ತು ಈದ್ ರಜೆಯಲ್ಲಿ ರೂಮು ಸಿಗುವುದು ಕಷ್ಟ, ಮೊದಲೇ ಕಾದಿರಿಸಿ. ಶುಕ್ರವಾರ ಬಜಾರಿನ ಬಹುಪಾಲು ಅಂಗಡಿಗಳು ಮುಚ್ಚಿರುತ್ತವೆ, ನೀರು-ಹಣ್ಣು ಗುರುವಾರವೇ ತಂದಿಟ್ಟುಕೊಳ್ಳಿ.